ವ್ಯಾನಿನ ಸೀಟು ಬಿಚ್ಚಿಸಿದ್ದೇನೆ

ರೀ,

ನೀವು ಬೆಂಗಳೂರಿನಿಂದ ಬರುವಷ್ಟರಲ್ಲಿ ನಾನು ಕೈವಾರದ ಶಾಲೆಗೆ ಹೊರಟಿರುತ್ತೇನೆ. ನೀವು ಬರುವವರೆಗೆ ಅತ್ತೆಯ ಹತ್ತಿರ ಪಕ್ಕದ ಮನೆಯ ಗೋದಮ್ಮ ಇರುತ್ತಾರೆ. ಹುಳಿ ಬಿಸಿ ಮಾಡಿಕೊಳ್ಳಿ.

ಮಕ್ಕಳ ಜೊತೆ ಎಲ್ಲರೂ ಗೋಕರ್ಣಕ್ಕೆ ಹೋಗಲು ಗಂಗುಲಪ್ಪನವರ ಮೆಟಡೋರ್ ವ್ಯಾನನ್ನೇ ಗೊತ್ತುಮಾಡಿದೆ. "ಅಮ್ಮ ಮಲಗಿಕೊಂಡು ಬರಲು ಜಾಗವಿಲ್ಲ, ಶಿಡ್ಲಘಟ್ಟದ ಅಕ್ಕನ ಮನೆಯಲ್ಲಿ ಬಿಡೋಣ" ಎಂದಿರಲ್ಲ, ಅದಕ್ಕೇ ಹಿಂದಿನ ಎರಡು ಸಾಲು ಸೀಟು ಬಿಚ್ಚಿಸಿದ್ದೇನೆ. "ನಟ್ಟು ಬೋಲ್ಟು ಕಳೆದೋಗ್ತವೆ ಕಣಮ್ಮ" ಎಂದು ಗಂಗುಲಪ್ಪ ಮೂರು ಸಲ ಓಡಾಡಿಸಿದರು. ನಡೆದು ನಡೆದು ನನ್ನ ಕಾಲು ಸೋತುಹೋದವು.

ನಿನ್ನೆ ಸಂಜೆ ವ್ಯಾನಿನಲ್ಲಿ ಹಾಸಿಗೆ ಹಾಸಿ, ಅತ್ತೆಯನ್ನು ಕನ್ನಂಪಲ್ಲಿ ಕೆರೆಯವರೆಗೆ ಕರೆದುಕೊಂಡು ಹೋಗಿಬಂದೆ. ಪಾರ್ಶ್ವವಾಯು ಬಡಿದ ಮೇಲೆ ಅವರು ಹೊಸ್ತಿಲು ದಾಟಿದ್ದು ಅದೇ ಮೊದಲು. ಸೊಂಟ ನೋಯಲಿಲ್ಲವಂತೆ. ಮನೆಗೆ ಬಂದು ಮಲಗಿಸಿದ ಮೇಲೆ, ಸಮುದ್ರಕ್ಕೂ ಹೀಗೇ ಹೋಗೋಣ ಎಂದರೆ ಮಾತ್ರ ಒಪ್ಪಲಿಲ್ಲ. "ಮಗ ಬೇಡ ಅಂದವ್ನೆ. ಸೊಸೆ ಕರೆದ್ಲು ಅಂತ ಹೆಂಗಮ್ಮ ಬರ್ಲಿ?" ಎಂದು ಗೋಡೆಯ ಕಡೆ ತಿರುಗಿಕೊಂಡರು. ನೀವು ಅಂದದ್ದು ಅವರಿಗೆ ಕೇಳಿಸಿತ್ತು.

ದಾರಿಯಲ್ಲಿ ಅಡುಗೆ ಮಾಡಲು ಸ್ಟೌವಿಗೆ ಸೀಮೆಎಣ್ಣೆ ತುಂಬಿಸಿಡಿ. ಮುಚ್ಚಳವಿರುವ ಬಕೆಟ್ಟು, ಅತ್ತೆಯ ಹಾಸಿಗೆಗೆ ರಬ್ಬರ್ ಶೀಟು ತನ್ನಿ.

ಅದಕ್ಕೂ ಮೊದಲು ಅವರ ಪಕ್ಕ ಕೂತು, ಬಾಮ್ಮ ಎಂದು ನೀವೇ ಕರೆಯಿರಿ. ಆಗದಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ, ನಾನು ಅತ್ತೆಯ ಜೊತೆ ಇಲ್ಲೇ ಉಳಿಯುತ್ತೇನೆ. ಇದು ಕೋಪದ ಮಾತಲ್ಲ. ಅವರನ್ನು ಬಿಟ್ಟುಹೋಗಿ ಅಲ್ಲಿ ನಗುನಗುತ್ತಾ ಸಮುದ್ರ ನೋಡುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ.

ಜಾನಕಿ