ನಾನಿಯ ಸ್ನಾನ

ಗುಂಡ್ಲುಪೇಟೆ
6-2-2025, ಗುರುವಾರ

ಪ್ರೀತಿಯ ರಂಜು,

‘ಪ್ರೀತಿಯ’ ಎಂದು ಕೈ ತಾನಾಗಿ ಬರೆದುಬಿಟ್ಟಿತು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ.

ಮುಂದಿನ ಬುಧವಾರ ನೀನು ಜಪಾನಿಗೆ ಹೊರಡುತ್ತೀಯ. ಮೊನ್ನೆ ಭಾನುವಾರ ಭೀಮನಬೀಡಿನ ನಿಮ್ಮ ಮನೆ ಊಟಕ್ಕೆ ನಾನು ಬರಲಿಲ್ಲವೆಂದು ನೀನು ಮೂರು ಸಲ ಫೋನ್ ಮಾಡಿದೆ. ನನಗೆ ಜ್ವರ ಎಂದು ಅಬ್ಬಾ ಹೇಳಿದರಲ್ಲ, ಅದು ನಾನು ಹೇಳಿಕೊಟ್ಟ ಮಾತು. ಜ್ವರ ಇರಲಿಲ್ಲ.

ನರ್ಸಿಂಗ್ ಮುಗಿಸಿ ಚಾಮರಾಜನಗರದ ಆ ಬಾಡಿಗೆ ಕೋಣೆಯಲ್ಲಿ ನಾವಿಬ್ಬರೂ ಹನ್ನೊಂದು ತಿಂಗಳು ಜಪಾನಿಗೆಂದೇ ಬದುಕಿದೆವು. ಪೊರಕೆ ಕಡ್ಡಿ ತೊಳೆದು, ಅಲ್ಲಿಯವರಂತೆ ಅದರಲ್ಲಿ ಕಡಲೆಬೀಜ ಎತ್ತಿ ತಿನ್ನುವುದನ್ನು ಕಲಿತೆವು. ಚಪ್ಪಲಿ ಬಿಟ್ಟಮೇಲೆ ಅದರ ಮೂತಿ ಬಾಗಿಲ ಕಡೆ ತಿರುಗಿಸಿಡುತ್ತಿದ್ದೆವು. ನಾವು ಎದುರುಬದುರು ನಿಂತು ಜಪಾನಿ ನಮಸ್ಕಾರಕ್ಕೆ ಬಗ್ಗುವುದನ್ನು ನೋಡಿ ಮನೆಯೊಡತಿ ಮರಿತಾಯಮ್ಮ, ಯಾರ್ಗಮ್ಮಿ ಇಬ್ರೂವೆ ಹಿಂಗೆ ಅಡ್ಡಬೀಳ್ತಿದ್ದೀರಿ ಅಂತ ಕೇಳಿದ್ದರು. ಅಲ್ಲಿ ಸೊಪ್ಪಿನ ಸಾರಿಗೂ ಮೀನಿನ ನೀರು ಬೆರೆಸುತ್ತಾರೆಂದು ತಿಳಿದ ದಿನ ನೀನು ಅತ್ತೆ. ನಿನಗೆ ಮೀನು ಆಗದು, ನನಗೆ ಹಂದಿ ಆಗದು. ಅದನ್ನು ಹೇಳಲು ಇಬ್ಬರಿಗೂ ಬೇಕಾದ ಮಾತುಗಳನ್ನು ನಾನೇ ಜಪಾನಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಆ ದಿನಗಳಲ್ಲೇ ನಿನಗೆ ನನ್ನ ನಾನಿಯ ವಿಷಯ ಹೇಳಿದ್ದು. ಅಮ್ಮನ ತಾಯಿ ಮೆಹರ್ ಬಾನು ಲಕ್ವ ಹೊಡೆದು ನಾಲ್ಕು ವರ್ಷ ಮಲಗಿದ್ದಳು. ಸ್ನಾನಕ್ಕೆ ಬಟ್ಟೆ ಬಿಚ್ಚಿದೊಡನೆ ನಾಚಿಕೆಯಿಂದ ಮುಖವನ್ನು ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. ಒಂದು ದಿನ ನಾನು ದುಪಟ್ಟಾದಿಂದ ನನ್ನ ಕಣ್ಣು ಕಟ್ಟಿಕೊಂಡು, ಕೈಯಿಂದಲೇ ತಡವುತ್ತಾ ಅವಳಿಗೆ ನೀರು ಹಾಕಿದೆ. ಅಂದು ಅವಳು ಗೋಡೆಯಿಂದ ಮುಖ ತಿರುಗಿಸಿ ನನ್ನ ಕೆನ್ನೆ ಮುಟ್ಟಿದಳು. ತೀರಿಕೊಳ್ಳುವ ತನಕ ಹಾಗೆಯೇ ಸ್ನಾನ ಮಾಡಿಸಿದೆ. ಇದು ಅಬ್ಬಾಗೂ ಗೊತ್ತಿಲ್ಲ, ಹೆಂಗಸರ ಸ್ನಾನದ ಮಾತು ಎಂದು ಮನೆಯಲ್ಲಿ ಆಡಿರಲಿಲ್ಲ. ನಿನಗೊಬ್ಬಳಿಗೆ ಹೇಳಿದೆ.

ಜಪಾನಿನಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೆಲಸದ ಸಂದರ್ಶನಕ್ಕೆ ಎರಡು ವಾರ ಇರುವಾಗ ನೀನು ಅದನ್ನು ಮತ್ತೆ ಕೇಳಿದೆ. ದುಪಟ್ಟಾ ಒಂದು ಮಡಿಕೆಯೋ ಎರಡು ಮಡಿಕೆಯೋ, ಮೊದಲು ಕಾಲಿಗೆ ನೀರೋ ಬೆನ್ನಿಗೋ ಅಂತೆಲ್ಲ. ನನ್ನ ನಾನಿಯ ಮೇಲೆ ನಿನಗೆಷ್ಟು ಅಕ್ಕರೆ ಎಂದುಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದೆ.

ಮೈಸೂರಿನಲ್ಲಿ ಹೆಸರಿನ ಇಂಗ್ಲಿಷ್ ಮೊದಲಕ್ಷರದಂತೆ ಕರೆದರು. ಶಿವರಂಜಿನಿ ಎಂದು ನೀನು ನನಗಿಂತ ಮೊದಲು, ಉಮ್ಮೆ ಹಬೀಬಾ ಎಂದು ನಾನು ಕೊನೆಗೆ. ನೀವು ನೋಡಿಕೊಂಡ ಒಬ್ಬ ಹಿರಿಯರ ಬಗ್ಗೆ ಹೇಳಿ ಎಂದರು. ನಾನು ಕಣ್ಣು ಕಟ್ಟಿಕೊಂಡ ಮಾತಿಗೆ ಬರುತ್ತಿದ್ದಂತೆ ದುಭಾಷಿ ಹೆಂಗಸು ಕೈಯೆತ್ತಿ ನಿಲ್ಲಿಸಿದರು. ಬೆಳಿಗ್ಗೆ ಇನ್ನೊಬ್ಬ ಹುಡುಗಿ ತನ್ನ ಅಜ್ಜಿಯ ಬಗ್ಗೆ ಇದನ್ನೇ ಹೇಳಿದಳು, ನಿಮಗೆ ಈ ಉತ್ತರ ಯಾರು ಬಾಯಿಪಾಠ ಮಾಡಿಸಿದರು ಎಂದರು. ನಾವು ಕಲಿತಂತೆ ಎದ್ದು ಬಗ್ಗಿದೆ. ತಪ್ಪು ಒಪ್ಪಿಕೊಂಡೆ ಅಂತ ಅವರು ತಿಳಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಕಿಟಕಿ ಪಕ್ಕದ ಸೀಟು ನನಗೆ ಕೊಟ್ಟೆ. ಹೆಂಗಾಯ್ತು ಅಂದೆ. ಚೆನ್ನಾಗಾಯ್ತು ಅಂದೆ ನಾನು. ಫಲಿತಾಂಶ ಬಂದ ದಿನ ನನ್ನನ್ನು ತಬ್ಬಿಕೊಂಡು, ಮುಂದಿನ ಸಲ ಆಯ್ತದೆ ಬುಡು ಹಬೀಬಾ ಎಂದು ಅತ್ತೆ. ಆ ಅಳು ನಿಜವಾದದ್ದೇ ಎಂದು ನನಗೆ ಈಗಲೂ ಅನಿಸುತ್ತದೆ. ಅದಕ್ಕೇ ಹೆಚ್ಚು ನೋಯುತ್ತದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಕಳೆದ ವಾರ ನೀನು ಸ್ವೆಟರ್ ಕೊಳ್ಳಲು ಮೈಸೂರಿಗೆ ಹೋಗಿದ್ದಾಗ ನಾನು ನಿಮ್ಮೂರಿಗೆ ಬಂದಿದ್ದೆ. ನಿನ್ನ ಅಜ್ಜಿಯೂ ಹಾಸಿಗೆ ಹಿಡಿದಿರಬಹುದು, ನನಗೇ ಗೊತ್ತಿಲ್ಲದಿರಬಹುದು ಎಂಬ ಆಸೆ. ಅಜ್ಜಿ ದೊಡ್ಡಮಾದಮ್ಮ ಹೊಲದಲ್ಲಿ ಚೆಂಡುಹೂ ಕೀಳುತ್ತಿದ್ದರು. ಮೈ ಹುಷಾರಾ ಎಂದು ಕೇಳಿದೆ. ನಂಗೇನಾಗದೆ ಕಣಮ್ಮಿ, ಒಂದಿನಾನೂ ಆಸ್ಪತ್ರೆ ಕಂಡೋಳಲ್ಲ ಎಂದು ನಕ್ಕು, ಮಡಿಲು ತುಂಬ ಹೂ ಕೊಟ್ಟರು. ಅದನ್ನು ಮನೆಗೆ ತರಲಾಗದೆ ಬಸ್ಸಿನ ಸೀಟಿನ ಮೇಲೆ ಬಿಟ್ಟು ಇಳಿದೆ.

ನೀನು ಕೇಳಿದ್ದರೆ ನಾನಿಯ ಕತೆಯನ್ನು ಕೊಡುತ್ತಿದ್ದೆನೋ ಏನೋ. ನಾನು ಬೇರೆ ಏನಾದರೂ ಹೇಳಿಕೊಳ್ಳುತ್ತಿದ್ದೆ, ಇಬ್ಬರೂ ಹೋಗುತ್ತಿದ್ದೆವು. ನಿನ್ನ ನಂತರ ನಾನೂ ಅದೇ ಕುರ್ಚಿಯಲ್ಲಿ ಕೂರುತ್ತೇನೆಂದು ನಿನಗೆ ಗೊತ್ತಿತ್ತು. ಹೊರಗೆ ಬೆಂಚಿನ ಮೇಲೆ ನನ್ನ ತಲೆವಸ್ತ್ರ ಸರಿಮಾಡಿ, ಧೈರ್ಯವಾಗಿ ಹೋಗು ಅಂತ ಒಳಗೆ ಕಳಿಸಿದವಳು ನೀನೇ.

ಅಲ್ಲಿ ಈಗ ಹಿಮ ಬೀಳುವ ಕಾಲ, ಉಣ್ಣೆಯ ಕಾಲುಚೀಲ ಹೆಚ್ಚಿಗೆ ಇಟ್ಟುಕೋ. ಗಂಟಲವರೆಗೆ ಬೈಗುಳ ತುಂಬಿಕೊಂಡು ಕೂತರೂ ಇಂಥದ್ದೇ ಬರೆಯುತ್ತೇನೆ, ನೋಡು. ನನಗೆ ಉತ್ತರ ಬರೆಯಬೇಡ. ಫೋನೂ ಬೇಡ.

ಒಂದು ಕಾಲದ ನಿನ್ನವಳು,
ಉಮ್ಮೆ ಹಬೀಬಾ

ತಾ.ಕ.: ಮಂಗಳವಾರ ಆ ದುಭಾಷಿ ಹೆಂಗಸು ಫೋನ್ ಮಾಡಿದ್ದರು. ನಿನ್ನ ಕಾಗದಪತ್ರಕ್ಕೆ ಸಹಿ ಬೀಳುವ ಮುನ್ನ ಅವರಿಗೆ ಖಚಿತ ಆಗಬೇಕಿತ್ತಂತೆ: ಆ ಅಜ್ಜಿ ನಿಜವಾಗಿ ಯಾರ ಅಜ್ಜಿ? ಶಿವರಂಜಿನಿಯ ಅಜ್ಜಿ ಎಂದೆ. ದೊಡ್ಡ ಮನಸ್ಸು ಅಂದುಕೊಳ್ಳಬೇಡ. ನನ್ನದೆಂದು ಹೇಳಲು ಬಾಯಿ ತೆರೆದೆ, ಬಂದದ್ದು ನಿನ್ನ ಹೆಸರು. ಇನ್ನು ನಾನು ನಾನಿಗೆ ಸ್ನಾನ ಮಾಡಿಸಿದ್ದನ್ನು ಯಾರಿಗೂ ಹೇಳುವಂತಿಲ್ಲ.