ಎಂಟನೆಯ ಖಾನೆ

ಹೋಮಿನಿ, ಓಕ್ಲಹೋಮಾ
ಭಾನುವಾರ, ನವೆಂಬರ್ 10, ಮಧ್ಯಾಹ್ನ ಎರಡೂವರೆ

ಪ್ರೀತಿಯ ಟ್ವೈಲಾ,

ನಿನ್ನ ಅಪ್ಪ ಈಗ ಕೊಟ್ಟಿಗೆಯ ಬಾಗಿಲ ಬಳಿ ಇದ್ದಾರೆ. ಬಾಗಿಲಿನ ಕೀಲು ಸರಿಮಾಡುತ್ತೇನೆಂದು ಹೇಳಿ ಹೋದವರು ಅವರೇ. ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದೇನೆ, ಹೇಳಿದ ಕೆಲಸವನ್ನೇ ಮಾಡುತ್ತಿದ್ದಾರೆ. ಕೈಯಲ್ಲಿ ಸುತ್ತಿಗೆ ಬಿಟ್ಟರೆ ಬೇರೇನೂ ಇಲ್ಲ. ಪಿಕಪ್ ಗಾಡಿಯ ಎರಡೂ ಕೀಲಿಗಳು ನನ್ನ ಏಪ್ರನ್ ಜೇಬಿನಲ್ಲಿವೆ.

ನಿನ್ನ ಮಂಡಿ ನೋವು ಹೇಗಿದೆ? ಸೈನಿಕರ ಆಸ್ಪತ್ರೆಯಲ್ಲಿ ನರ್ಸ್‌ಗಳು ಹನ್ನೆರಡು ಗಂಟೆ ನಿಲ್ಲಬೇಕು ಎಂದು ಸ್ಯಾನ್ ಆಂಟೋನಿಯೋದವರು ಯಾವ ಪುಸ್ತಕದಲ್ಲಿ ಓದಿದ್ದಾರೋ ಗೊತ್ತಿಲ್ಲ. ನಾನು ಕಳಿಸಿದ ದಪ್ಪ ಕಾಲುಚೀಲ ಹಾಕಿಕೊ, ಚೆಂದ ಕಾಣುವುದಿಲ್ಲವೆಂದು ಪೆಟ್ಟಿಗೆಯಲ್ಲಿ ಇಡಬೇಡ. ನಾನು ಆರೋಗ್ಯವಾಗಿದ್ದೇನೆ. ರಕ್ತದೊತ್ತಡ ಸ್ವಲ್ಪ ಏರಿದೆ, ಅದಕ್ಕೆ ಕಾರಣ ಕೆಳಗೆ ಬರುತ್ತದೆ. ಸಂಜೆ ಆರಕ್ಕೆ ಪ್ರತಿ ಭಾನುವಾರದಂತೆ ನಿನ್ನ ಫೋನ್ ಬರುತ್ತದೆ. ಅದೇ ಲೈನಿನ ಇನ್ನೊಂದು ಫೋನನ್ನು ಅಪ್ಪ ಎತ್ತಿಕೊಂಡಿರುತ್ತಾರೆ, ನಾನು ಹವಾಮಾನದ ಮಾತಾಡುತ್ತೇನೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಪತ್ರಿಕೆಯ ಕಚೇರಿಯಲ್ಲಿ ಫೋನಿನ ಮೇಲೆ ಜಾಹೀರಾತು ಬರೆದುಕೊಂಡವಳು ನಾನು. ಏನಾಯಿತು, ಯಾರು ಹೇಳಿದರು, ಎಷ್ಟು ಹೊತ್ತಿಗೆ ಎಂಬ ಕ್ರಮದಲ್ಲೇ ಬರೆದು ನನಗೆ ಅಭ್ಯಾಸ.

ನಿನಗೆ ಗೊತ್ತಿರುವಷ್ಟು ಹೀಗೆ. ಜನವರಿಯ ಹಿಮಗಡ್ಡೆ ಬಿರುಗಾಳಿಯಲ್ಲಿ ನಿನ್ನ ಅಪ್ಪನ ತಂಡದ ಲೈನ್‌ಮನ್ ಡ್ಯಾರಿನ್ ಪೂಲ್ ಕಂಬದ ಮೇಲೆ ಸತ್ತ. ಆ ಕಂಬ ಹತ್ತಲು ಹೇಳಿದ್ದು ಫೋರ್‌ಮನ್ ಆಗಿದ್ದ ನಿನ್ನ ಅಪ್ಪ. ವಿದ್ಯುತ್ ಸಹಕಾರ ಸಂಘದ ವಿಚಾರಣೆ ಯಾರ ತಪ್ಪೂ ಇಲ್ಲ ಎಂದು ಬರೆದು ಮುಗಿಸಿತು. ಅಪ್ಪ ಆ ವರದಿಯನ್ನು ಮಡಚಿ ಬೈಬಲ್ಲಿನಲ್ಲಿ ಇಟ್ಟರು, ತಿರುಗಿ ತೆರೆಯಲಿಲ್ಲ. ನಿನಗೆ ಪೂರ್ತಿ ಹೇಳದೇ ಇದ್ದದ್ದು ಸೆಪ್ಟೆಂಬರಿನ ವಿಷಯ. ಆಗ ಅವರು ವೈದ್ಯರ ಎದುರು ತಾವಾಗಿಯೇ ಒಂದು ಮಾತು ಹೇಳಿದರು. ವೈದ್ಯರು ನನ್ನನ್ನು ಒಳಗೆ ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಮನೇಲಿ ಬಂದೂಕು ಎಷ್ಟಿದೆ?" ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ, ನೀನೂ ಕೇಳಿರುತ್ತೀಯ. ಯಾರಿಗಾದರೂ ಮನಸ್ಸು ಕೆಟ್ಟಾಗ ನಂಟರಲ್ಲೊಬ್ಬರು ಬಂದು ಬಂದೂಕುಗಳನ್ನು ಒಯ್ದು ಇಟ್ಟುಕೊಳ್ಳುತ್ತಾರೆ. ಊರಿಗೆ ಹೇಳುವುದಿಲ್ಲ, ಮಾಲೀಕನಿಗೆ ಅವಮಾನ ಮಾಡುವುದಿಲ್ಲ, ಚೇತರಿಸಿಕೊಂಡ ಮೇಲೆ ಎಣ್ಣೆ ಹಾಕಿ ವಾಪಸು ತಂದುಕೊಡುತ್ತಾರೆ. ಲೀಲಂಡ್ ಚಿಕ್ಕಪ್ಪ ಬಂದು, "ನನ್ನ ತಿಜೋರಿ ಖಾಲಿ ಹೊಡೀತಿದೆ ಅಣ್ಣಾ, ಕಳ್ಳರು ನೋಡಿದ್ರೆ ನಗ್ತಾರೆ" ಎಂದು ಹೇಳಿ ಏಳನ್ನೂ ಒಯ್ದ. ನಾನು ಅಂದು ನೆಮ್ಮದಿಯಾಗಿ ಮಲಗಿದೆ. ಬಂದೂಕು ಇಡುವ ಗಾಜಿನ ಬೀರುವಿನಲ್ಲಿ ಖಾನೆಗಳು ಎಂಟು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಎಲ್ಲವೂ ಖಾಲಿಯಾದ ಮೇಲೆ ಮೊದಲೇ ಖಾಲಿ ಇದ್ದ ಒಂದು ಹೇಗೆ ಕಣ್ಣಿಗೆ ಬೀಳಬೇಕು?

ಪ್ರತಿ ಏಪ್ರಿಲ್ ಮತ್ತು ನವೆಂಬರಿನಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಟಲ್ಸಾದ ಬಂದೂಕು ಪ್ರದರ್ಶನಕ್ಕೆ ಹೋಗುವುದು ನಿನಗೆ ಗೊತ್ತು. ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ. ಈ ಸಲ ಲೀಲಂಡ್ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಾಸಿಗೆಯಲ್ಲಿದ್ದಾನೆ. ಅಪ್ಪ ಒಬ್ಬರೇ ಹೋಗುತ್ತೇನೆ ಎಂದರು. ನಾನೂ ಬರುತ್ತೇನೆ ಎಂದೆ. "ನೀನಾ? ಅಲ್ಲಿ ಹೊಲಿಗೆ ದಾರ ಮಾರಲ್ಲ ನೇಡೀನ್" ಎಂದರು. ಹತ್ತು ತಿಂಗಳಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು. ಅದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಏನೋ ತೀರ್ಮಾನಿಸಿಬಿಟ್ಟವರ ಹಾಗೆ ಅವರು ಹೊಸದಾಗಿ ಕ್ಷೌರ ಮಾಡಿಕೊಂಡಿದ್ದರು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ತಲುಪಿದೆವು. ಬಾಗಿಲಲ್ಲಿ ಪೊಲೀಸಿನವನು, "ಗುಂಡು ತುಂಬಿದ ಬಂದೂಕು ಇದೆಯಾ ತಾಯಿ?" ಎಂದು ಕೇಳಿದ. ಹೆಣಿಗೆ ಕಡ್ಡಿ ಇದೆ ಎಂದೆ. "ಅದಕ್ಕೇ ಜಾಸ್ತಿ ಹೆದರ್ಕೋಬೇಕು" ಎಂದು ಬಿಟ್ಟ. ಮಾರಲು ತಂದವರ ಬಂದೂಕುಗಳಿಗೆ ಅಲ್ಲೇ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಗುಂಡು ಹಾರದ ಹಾಗೆ ಮಾಡಿ ಒಳಗೆ ಬಿಡುತ್ತಾರೆ. ಒಳಗೆ ನಾಲ್ಕು ಸಾವಿರ ಮೇಜುಗಳಿವೆ ಎಂದು ಕರಪತ್ರದಲ್ಲಿತ್ತು, ನಾನು ಎಣಿಸಲಿಲ್ಲ, ನಂಬಿದೆ. ಹೆಗಲ ಮೇಲಿನ ರೈಫಲ್ಲಿನ ಬಾಯಿಗೆ ಬೆಲೆ ಬರೆದ ಚೀಟಿ ಸಿಕ್ಕಿಸಿಕೊಂಡು ಓಡಾಡುವ ಮುದುಕರು, ತಳ್ಳುಗಾಡಿಯಲ್ಲಿ ಮಲಗಿದ ಕೂಸುಗಳು, ದಾಲ್ಚಿನ್ನಿ ಹಚ್ಚಿ ಹುರಿದ ಬಾದಾಮಿಯ ವಾಸನೆ. ನಾನು ಬಂದೂಕಿಗೆ ಹೆದರುವವಳಲ್ಲ. ನನ್ನ ಅಮ್ಮ ಬಟ್ಟೆ ಒಣಹಾಕುತ್ತಿದ್ದಾಗಲೇ ಬುಡುಬುಡಿಕೆ ಹಾವಿಗೆ ಗುಂಡು ಹೊಡೆದವಳು. ನಾನು ಹೆದರಿದ್ದು ನಿನ್ನ ಅಪ್ಪನ ಕಂದು ಕೋಟಿನ ಬೆನ್ನು ಕಣ್ಣಿಂದ ತಪ್ಪುತ್ತದೆಂದು. ಅಲ್ಲಿ ಅಂಥ ಕಂದು ಕೋಟು ಸಾವಿರ ಇದ್ದವು.

ತಪ್ಪಿಯೇ ಹೋಯಿತು. ಕೈಚೀಲ ಮಾರುವ ಹೆಂಗಸೊಬ್ಬಳು ನನ್ನ ತೋಳು ಹಿಡಿದು, "ಅಕ್ಕಾ, ಇಲ್ಲಿ ಗುಟ್ಟಿನ ಜೇಬು ನೋಡಿ, ಒಳಗೆ ಪಿಸ್ತೂಲಿದೆ ಅಂತ ನಿಮ್ಮ ಯಜಮಾನ್ರಿಗೂ ಗೊತ್ತಾಗಲ್ಲ!" ಎಂದಳು. ತಿರುಗಿ ನೋಡಿದಾಗ ಅವರಿರಲಿಲ್ಲ. ಒಂಬತ್ತೂ ಇಪ್ಪತ್ತು. ಫೋನ್ ಮಾಡಿದೆ, ಎತ್ತಲಿಲ್ಲ. ನಡೆದೆ, ಆಮೇಲೆ ಓಡಿದೆ. ಅರವತ್ತೊಂದು ವರ್ಷದ ಹೆಂಗಸು ಅಂಥ ಕಡೆ ಓಡಿದರೆ ಜನ ದಾರಿ ಬಿಡುತ್ತಾರೆ, ಯಾಕೆಂದು ಕೇಳುವುದಿಲ್ಲ. ಒಂಬತ್ತೂ ಮೂವತ್ತೊಂದಕ್ಕೆ ಸಿಕ್ಕರು. ಹಳೆಯ ಕಾಡತೂಸುಗಳನ್ನು ಬಿಡಿಬಿಡಿಯಾಗಿ ಮಾರುವ ಮೇಜಿನ ಮುಂದೆ ನಿಂತಿದ್ದರು. ಈಗ ಅಂಗಡಿಗಳಲ್ಲಿ ಸಿಗದ ಅಳತೆಯವು, ಸಂಗ್ರಹ ಮಾಡುವವರು ಒಂದೊಂದಾಗಿ ಕೊಳ್ಳುತ್ತಾರಂತೆ. ಮಾರುವ ಮುದುಕ ಒಂದನ್ನು ಸಣ್ಣ ಲಕೋಟೆಗೆ ಹಾಕಿ ಪೆನ್ಸಿಲಿನಲ್ಲಿ ಬರೆಯುತ್ತ, "ಒಂದೇನಾ ಯಜಮಾನ್ರೇ? ಒಂದೇ ಏಟಿಗೆ ಜಿಂಕೆ ಕೆಡವೋ ಗಂಡು ಅನ್ನಿ! ನನಗಾದ್ರೆ ಒಂದು ಡಬ್ಬಿ ಬೇಕು, ಅದರಲ್ಲೂ ಅರ್ಧ ಮರಕ್ಕೆ" ಎಂದು ನಗುತ್ತಿದ್ದ. ನಿನ್ನ ಅಪ್ಪ, "ಒಂದು ಸಾಕು" ಎಂದರು. ನಾನು ಏನದು ಎಂದಾಗ, "ಹಳೇದು. ಮೇಜಿನ ಮೇಲಿಡೋಕೆ" ಎಂದು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಲಕೋಟೆಯ ಮೇಲೆ ಬರೆದದ್ದನ್ನು ಓದಿದ್ದೆ: 38-55. ಆ ಅಳತೆಯ ಬಂದೂಕು ಲೀಲಂಡ್ ಒಯ್ದ ಏಳರಲ್ಲಿ ಇಲ್ಲ, ಪಟ್ಟಿ ಬರೆದವಳು ನಾನೇ. ಇಲ್ಲ ಎಂದು ಮೂರು ಸಲ ಮನಸ್ಸಿನಲ್ಲಿ ಹೇಳಿಕೊಂಡೆ.

ಆಮೇಲೆ ಅಪ್ಪ ಎಲ್ಲಿಯೂ ನಿಲ್ಲಲಿಲ್ಲ. ನೇರ ಹಿಂದಿನ ಗೋಡೆಯ ಕಡೆಗೆ, ಓರ್ವಲ್ ಟೀಗ್‌ನ ಬಳಿಗೆ ನಡೆದರು. ನಿನಗೆ ಓರ್ವಲ್ ನೆನಪಿರಬಹುದು, ಮೇವಿನ ಅಂಗಡಿ ಇಟ್ಟಿದ್ದ ದಪ್ಪ ಮನುಷ್ಯ. ಅವನು ಮಾರುವುದಿಲ್ಲ, ನಮ್ಮ ಕೌಂಟಿಯ ಹಳೆಯ ರೈಫಲ್ಲುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿ ತೋರಿಸುತ್ತಾನೆ. ಒಂದೊಂದರ ಕೆಳಗೂ ಯಾರ ಮನೆಯದು, ಯಾವ ಇಸವಿಯದು ಎಂಬ ಚೀಟಿ. ಮೂರನೆಯ ಚೀಟಿ ಓದಿದೆ. "ಸ್ಟೋವಾಲ್ ಕುಟುಂಬದ್ದು. 1911. ಅಳತೆ 38-55." ನಿನ್ನ ಮುತ್ತಜ್ಜನ ರೈಫಲ್, ಟ್ವೈಲಾ. ಎರಡು ವರ್ಷದ ಹಿಂದೆ ಜನರಿಗೆ ತೋರಿಸಲೆಂದು ಓರ್ವಲ್‌ಗೆ ನಾವೇ ಕೊಟ್ಟಿದ್ದೆವು, ನಾನೇ ಹಳೆಯ ಹೊದಿಕೆಯಲ್ಲಿ ಸುತ್ತಿದ್ದೆ. ಎಂಟನೆಯ ಖಾನೆಯದು.

ಓರ್ವಲ್ ಪಾಪ, ಖುಷಿಯಲ್ಲಿದ್ದ. "ಬಾರಯ್ಯ ವೆಂಡೆಲ್! ಸರಿಯಾದ ಹೊತ್ತಿಗೆ ಬಂದೆ. ನನ್ನ ಬೆನ್ನು ಹೋಯ್ತು, ಇದೇ ಕೊನೆ ಪ್ರದರ್ಶನ. ನಿಮ್ಮ ತಾತಂದು ನೀನು ತಗೊಂಡು ಹೋಗಿಬಿಡು" ಎಂದ. ಅಪ್ಪ, "ಕೊಡು. ಗಾಡಿ ಹತ್ತಿರದಲ್ಲೇ ಇದೆ" ಎಂದರು. ಓರ್ವಲ್ ಸೊಂಟದಿಂದ ಕೀಲಿಗೊಂಚಲು ತೆಗೆದ. ಇನ್ನೊಬ್ಬರ ಗಂಡನ ಮನಸ್ಸಿನ ವಿಷಯ ನಾಲ್ಕು ಜನರ ಮಧ್ಯೆ ಆಡುವುದು ನಮ್ಮಲ್ಲಿಲ್ಲ. ನನ್ನ ಗಂಡನದನ್ನು ನಾನು ಆಡಿದರೆ ಅವರು ಜೀವಮಾನದಲ್ಲಿ ಕ್ಷಮಿಸಲಿಕ್ಕಿಲ್ಲ ಎಂದೂ ಗೊತ್ತಿತ್ತು. ಬೀಗದ ಮೇಲೆ ಅಂಗೈ ಇಟ್ಟುಬಿಟ್ಟೆ. "ಓರ್ವಲ್, ಇದನ್ನ ನೀನೇ ಇಟ್ಕೋ" ಎಂದೆ. ಅವನು ನಕ್ಕು, "ಯಾಕಮ್ಮಾ, ನಿನ್ನ ಹೊಲಿಗೆ ಮಿಷನ್ನಿಗೆ ಗುಂಡು ಹೊಡೀತಾನಾ?" ಎಂದ. ನಾವಿಬ್ಬರೂ ನಗಲಿಲ್ಲ. ಅವನು ನನ್ನ ಕೈ ನೋಡಿದ, ಅಪ್ಪನ ಮುಖ ನೋಡಿದ. ಓರ್ವಲ್‌ನ ಅಣ್ಣ ಡೀನ್ ಹೇಗೆ ಸತ್ತನೆಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಅವನು ಕೀಲಿಯನ್ನು ನಿಧಾನವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಅಯ್ಯೋ, ಮರೆತೇಬಿಟ್ಟಿದ್ದೆ" ಎಂದ. "ಭಾನುವಾರ ನಾಲ್ಕು ಗಂಟೆವರೆಗೂ ಪೆಟ್ಟಿಗೆಯಿಂದ ಒಂದು ಮೊಳೇನೂ ತೆಗೆಯೋ ಹಾಗಿಲ್ಲ. ನಿಯಮ." ಅಪ್ಪ, "ಹಾಗಿದ್ರೆ ನಾಳೆ ನಾಲ್ಕಕ್ಕೆ ಬರ್ತೀನಿ" ಎಂದರು. "ನಾಳೆ ನಾಲ್ಕಕ್ಕೆ ಇದು ನನ್ನ ಗಾಡಿ ಹತ್ತುತ್ತೆ. ಏಪ್ರಿಲ್ ಐದಕ್ಕೆ ಮತ್ತೆ ಇಲ್ಲಿಗೇ ಬರುತ್ತೆ." "ಇದೇ ಕೊನೆ ಅಂದೆಯಲ್ಲ?" "ಅಂದೆ. ಈಗ ಅಲ್ಲ ಅಂತೀನಿ. ಬೆನ್ನು ನಂದು, ಮಾತೂ ನಂದು. ನೋಡು ವೆಂಡೆಲ್, ನಿಮ್ಮ ತಾತನ ಕಥೆ ಜನ ಕೇಳ್ತಾರೆ, ನನಗೆ ಸರಿಯಾಗಿ ಹೇಳೋಕೆ ಬರಲ್ಲ. ಏಪ್ರಿಲ್‌ನಲ್ಲಿ ಇಲ್ಲಿ ಎರಡು ಕುರ್ಚಿ ಹಾಕಿರ್ತೀನಿ. ನೀನು ಬರಲಿಲ್ಲ ಅಂದ್ರೆ ಆ ರೈಫಲ್ಲು ಟೀಗರ ಮನೇದು ಅಂತ ಬರೆದುಬಿಡ್ತೀನಿ."

ಹಿಂತಿರುಗುವಾಗ ಮನೆಯ ತಿರುವಿನಲ್ಲಿ ಅಪ್ಪ, "ಓರ್ವಲ್ ಮುಂದೆ ನನ್ನನ್ನ ಸಣ್ಣವನನ್ನ ಮಾಡಿದೆ" ಎಂದರು. ಹೌದು ಎಂದೆ. ಇಂದು ಬೆಳಿಗ್ಗೆ ಚರ್ಚಿಗೆ ಬರಲಿಲ್ಲ, ನಾನೂ ಹೋಗಲಿಲ್ಲ. ಆ ಲಕೋಟೆ ಈಗಲೂ ಅವರ ಅಂಗಿಯ ಜೇಬಿನಲ್ಲಿದೆ. ಗುಂಡಿ ಹಾಕಿದೆ, ನೋಡಿದ್ದೇನೆ. ಗಂಟೆ ಮೂರಾಯಿತು. ಈಗ ಹೊರಟರೂ ನಾಲ್ಕರೊಳಗೆ ಟಲ್ಸಾ ತಲುಪಬಹುದು, ಕೀಲಿ ಇಲ್ಲದಿದ್ದರೆ ನೆರೆಯವರ ಗಾಡಿ ಕೇಳಬಹುದು. ಸುತ್ತಿಗೆಯ ಸದ್ದು ನಿಂತಾಗಲೆಲ್ಲ ನಾನು ಬರೆಯುವುದನ್ನು ನಿಲ್ಲಿಸುತ್ತೇನೆ. ಮತ್ತೆ ಶುರುವಾದ ಮೇಲೆ ಬರೆಯುತ್ತೇನೆ. ಈ ಪತ್ರದಲ್ಲಿ ಎಲ್ಲಾದರೂ ವಾಕ್ಯ ಕಡಿದಂತೆ ಕಂಡರೆ ಕಾರಣ ಅದು.

ನಾಳೆ ಮಾಜಿ ಸೈನಿಕರ ದಿನ, ಅಂಚೆ ಇಲ್ಲ. ಮಂಗಳವಾರ ಹಾಕುತ್ತೇನೆ. ನಿನ್ನ ಜೊತೆಯ ನರ್ಸ್‌ಗಳಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಕಾಲಿಗೂ ನಮ್ಮ ಮನೆಗೂ ಬಲ ಕೊಡಲಿ.

ನಿನ್ನ ಅಮ್ಮ,
ನೇಡೀನ್

ಮತ್ತೆ ಬರೆದದ್ದು: ಮೂರೂ ನಲವತ್ತು. ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಪ್ಪ ಒಳಗೆ ಬಂದರು. ಕೈ ತೊಳೆದರು. ಜೇಬಿನ ಗುಂಡಿ ಬಿಚ್ಚಿ ಆ ಸಣ್ಣ ಲಕೋಟೆಯನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟರು. "ಇದನ್ನೂ ಲೀಲಂಡ್‌ಗೆ ಕೊಡು" ಎಂದರು. ಕೈ ಒರೆಸಿಕೊಂಡು, "ಯಾಕೆ ಕೊಂಡೆ ಅಂತ ನನಗೇ ಗೊತ್ತಿಲ್ಲ ಅಂದ್ರೆ ಸುಳ್ಳಾಗುತ್ತೆ ನೇಡೀನ್" ಎಂದರು. ಸಂಜೆ ಆರಕ್ಕೆ ನೀನು ಫೋನ್ ಮಾಡಿದಾಗ ತಾವೇ ಹೇಳುತ್ತಾರಂತೆ, ನಾನು ಹವಾಮಾನ ಎತ್ತಬಾರದಂತೆ. ಹಾಗಾಗಿ ಇದು ಕೈ ಸೇರುವ ಹೊತ್ತಿಗೆ ನಿನಗೆ ಎಲ್ಲ ಗೊತ್ತಿರುತ್ತದೆ. ಆದರೂ ಹಾಕುತ್ತೇನೆ, ಬರಹದಲ್ಲಿ ಇರಲಿ. ಈಗ ಅವರು ಓರ್ವಲ್‌ಗೆ ಫೋನ್ ಮಾಡುತ್ತಿದ್ದಾರೆ, ಏಪ್ರಿಲ್‌ನ ಕುರ್ಚಿಗೆ ಬೆನ್ನಿನ ಒರಗು ಇರಬೇಕೆಂದು ಹೇಳುವುದು ಕೇಳಿಸುತ್ತಿದೆ. ವೈದ್ಯರ ಭೇಟಿ ಗುರುವಾರ, ನವೆಂಬರ್ 14, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ಗಾಡಿ ನಾನು ಓಡಿಸುತ್ತೇನೆ.