ಮೀರಾಳ ಪಾಠದ ಚೀಟಿ

ಔರಾದ
೧೨ ಡಿಸೆಂಬರ್ ೨೦೧೫

ಪಂಢರಿಮಾಮಾ, ಜೈಭೀಮ.

ನಾನು ಆರಾಮಾಗಿದ್ದೇನೆ. ಬೀದರಿನಲ್ಲಿ ಕಂಪ್ಯೂಟರ್ ಎಂ.ಎಸ್ಸಿ. ಓದು ನಡೆದಿದೆ. ಶುಕ್ರವಾರ, ಶನಿವಾರ ಇಲ್ಲಿಗೆ ಬಂದು ಶಾಲೆಯಲ್ಲಿ ಕಲಿಸುತ್ತೇನೆ.

ಈ ವರ್ಷವೂ ಮಳೆಯಾಗಲಿಲ್ಲ. ದೀಪಾವಳಿ ಮುಗಿದದ್ದೇ ನಾಲ್ಕನೆಯ ತರಗತಿಯ ಹನ್ನೊಂದು ಮಕ್ಕಳು ಕೂಲಿಗೆ ಹೊರಟ ತಂದೆ-ತಾಯಿಯ ಜೊತೆ ನೀವಿರುವ ಪುಣೆಗೆ ಹೋದರು. ಅವರು ಎಲ್ಲಿಯವರೆಗೆ ಕಲಿತಿದ್ದಾರೆಂದು ಅಲ್ಲಿಯ ಗುರುಗಳಿಗೆ ತಿಳಿಯದೆ ಹಿಂದಿನ ತರಗತಿಯಲ್ಲಿ ಕೂರಿಸುತ್ತಾರೆ. ನಾನೂ ಹೀಗೇ ಅಲ್ಲಿಗೆ ಬಂದು ಮೂರನೆಯ ತರಗತಿಯಲ್ಲಿ ಎರಡು ವರ್ಷ ಕೂತದ್ದು ನಿಮಗೆ ಗೊತ್ತೇ ಇದೆ. ಅದಕ್ಕೆ ಒಂದು ಪ್ರೋಗ್ರಾಂ ಬರೆದೆ. ಮಗುವಿನ ಹೆಸರು ಹಾಕಿದರೆ ಅದು ಕಲಿತ ಪಾಠಗಳ ಚೀಟಿ ಪ್ರಿಂಟಾಗುತ್ತದೆ. ನಮ್ಮ ಹೆಡ್‌ಮಾಸ್ತರು ನಕ್ಕು, "ಈ ಚೀಟಿ ಅಲ್ಲಿ ಯಾರ್ ಓದ್ತಾರವಾ?" ಎಂದರು.

ನಿನ್ನೆ ಆ ಹನ್ನೊಂದು ಮಕ್ಕಳಲ್ಲಿ ಒಬ್ಬಳಾದ ಮೀರಾಳ ತಾಯಿ ಜಿಜಾಬಾಯಿ ಪುಣೆಯಿಂದ ಫೋನ್ ಮಾಡಿದ್ದರು. "ಇಲ್ಲಿ ಸರ್‌ಗ ಕನ್ನಡ ಬರಂಗಿಲ್ರಿ ಟೀಚರ್. ನಿಮ್ಮ ಮಾಮಾನೇ ಕೆಲಸ ಬಿಟ್ಟು ಸಾಲಿಗಿ ಬಂದು ಚೀಟಿ ಓದಿ ಹೇಳಿದ್ರು. ಹುಡುಗೀನ ನಾಲ್ಕನೇತ್ತಕ್ಕೇ ಕೂಡಿಸ್ಯಾರ ನೋಡ್ರಿ!"

ನೀವು ನನಗೆ ಹೇಳಲೇ ಇಲ್ಲ, ಮಾಮಾ. ಹೆಡ್‌ಮಾಸ್ತರಿಗೆ ಹೇಳಿದೆ. ಅವರು "ಐದನೇತ್ತದ ಮಕ್ಕಳಿಗೂ ಮಾಡಿಬಿಡವಾ" ಎಂದರು.

ಪಾಠಗಳ ಹೆಸರಿನ ಪಟ್ಟಿ ಈ ಲಕೋಟೆಯೊಳಗಿದೆ. ಅಲ್ಲಿಯ ಪುಸ್ತಕದಲ್ಲಿರುವಂತೆ ಮರಾಠಿಯಲ್ಲಿ ಬರೆದು ಕಳಿಸಿರಿ. ಇನ್ನು ಮುಂದೆ ಚೀಟಿ ಎರಡೂ ಭಾಷೆಯಲ್ಲಿ ಇರಲಿ.

ಮೀರಾ ಊರಿಗೆ ಮರಳುವಾಗ ಅಲ್ಲಿಯ ಗುರುಗಳಿಂದಲೂ ಒಂದು ಚೀಟಿ ಬರೆಸಿ ಕೊಡಿರಿ. ಮರಾಠಿಯಲ್ಲಿದ್ದರೂ ಚಿಂತೆಯಿಲ್ಲ. ಇಲ್ಲಿ ನಾನು ಓದಿ ಹೇಳುತ್ತೇನೆ.

ನಿಮ್ಮ ಸೊಸೆ,
ಸಂಘಮಿತ್ರಾ